ಮಗುವಿಗೊಂದು ಹಲ್ಲು

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಹೋಟೆಲಿನ ಹಾಸಿಗೆ ಬಟ್ಟೆಗಳನ್ನು ತೀಡಿ ತೀಡಿ ಅವಳ ಮಾತೂ ಗಂಜಿ ಹಾಕಿದ ಹಾಗಾಗಿತ್ತು. ಒಮ್ಮೆ ಅಂದರೆ ಮುಗಿಯಿತು, ಮಡಿಕೆ ಬಿಚ್ಚುವ ಹಾಗಿಲ್ಲ. ಮೂರು ಹೆತ್ತಿದ್ದಳು, ಮೂರು ದವಡೆಹಲ್ಲು ಕಳೆದುಕೊಂಡಿದ್ದಳು.

"ಮಗುವಿಗೊಂದು ಹಲ್ಲು. ಹೆಂಗಸಾಗಿ ಹುಟ್ಟಿದ ಮೇಲೆ ಕೊಡಲೇಬೇಕು," ಎಂದು ನಗುತ್ತಿದ್ದಳು.

ಸೊಸೆ ಬಿಸ್ಕತ್ತು ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವವಳು. ಬಸುರಾದ ಮೇಲೆ ದಿನಾ ವಾಂತಿ. ಹೊಟ್ಟೆ ತೊಳಸಿದಾಗಲೆಲ್ಲ ಒಡೆದ ಬಿಸ್ಕತ್ತಿನ ಚೂರು ಬಾಯಿಗೆ ಹಾಕಿಕೊಂಡು ಕೆಲಸ ಸಾಗಿಸುತ್ತಿದ್ದಳು. ನಾಲ್ಕನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜಿ ಉಗಿದರೆ ಬೇಸಿನ್ ಕೆಂಪಾಯಿತು.

"ಅತ್ತೆ, ವಸಡಿಂದ ರಕ್ತ ಬರ್ತಿದೆ."

"ಬಸುರಿಯರಿಗೆಲ್ಲ ಬರುತ್ತೆ. ಬ್ರಷ್ ಮುಟ್ಟಬೇಡ, ನೀರಲ್ಲಿ ಮುಕ್ಕಳಿಸು, ಸಾಕು."

ತಪಾಸಣೆಗೆ ಹೋದಾಗ ನರ್ಸ್ ಬಾಯಿ ತೆರೆಸಿ ನೋಡಿದಳು. ಸೊಸೆಯನ್ನು ಬಿಟ್ಟು ಇಸ್ತ್ರಿಯಕ್ಕನಿಗೇ ಹೇಳಿದಳು. "ರಕ್ತ ಬರುತ್ತೆ ಅಂತ ಉಜ್ಜೋದು ನಿಲ್ಲಿಸಿದ್ರೆ ವಸಡು ಇನ್ನೂ ಕೆಡುತ್ತಮ್ಮ. ಮೆತ್ತನೆ ಬ್ರಷ್‌ನಲ್ಲಿ ಎರಡು ಹೊತ್ತೂ ಉಜ್ಜಲಿ. ಕೆಳಗಡೆ ದವಡೆಹಲ್ಲು ಹುಳುಕಾಗಿದೆ. ಹಲ್ಲಿನ ಡಾಕ್ಟರಿಗೆ ಈಗಲೇ ತೋರಿಸಿ. ಬಸುರಿಯರಿಗೂ ಚಿಕಿತ್ಸೆ ಮಾಡ್ತಾರೆ, ಭಯ ಇಲ್ಲ."

ಚೀಟಿಯನ್ನೂ ಬರೆದುಕೊಟ್ಟಳು. ಬಾಗಿಲು ದಾಟುತ್ತಲೇ ಇಸ್ತ್ರಿಯಕ್ಕ ಅದನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಹೊಟ್ಟೇಲಿ ಮಗು ಇಟ್ಕೊಂಡು ದವಡೆಗೆ ಸೂಜಿ ಚುಚ್ಚಿಸ್ಕೋತೀಯಾ? ಹೆರಿಗೆ ಆಗ್ಲಿ, ಆಮೇಲೆ ನೋಡೋಣ."

ರಾತ್ರಿ ಸೊಸೆ ಗಂಡನಿಗೆ ಹೇಳಿದಳು. ಬಸ್ ಓಡಿಸಿ ದಣಿದು ಬಂದ ಅವನು ಮಗ್ಗುಲು ಬದಲಿಸುತ್ತ, "ಮೂರು ಹೆತ್ತವಳಿಗೆ ಗೊತ್ತಿರಲ್ವಾ?" ಎಂದ.

ಏಳನೇ ತಿಂಗಳಲ್ಲಿ ಆ ಹುಳುಕು ಹಲ್ಲು ನೋವಿನಿಂದ ಸಿಡಿಯತೊಡಗಿತು. ಇಸ್ತ್ರಿಯಕ್ಕ ಲವಂಗ ಇಟ್ಟಳು, ಬಿಸಿ ಬಟ್ಟೆಯಿಂದ ಕಾವು ಕೊಟ್ಟಳು. ಕೆನ್ನೆ ಊದಿತು, ಊತ ಗದ್ದದ ಕೆಳಗೂ ಹರಡಿತು. ನಾಲ್ಕನೇ ದಿನ ಬೆಳಿಗ್ಗೆ ಗಂಜಿಯ ಬಟ್ಟಲು ಹಿಡಿದು ಹೋದರೆ, ಸೊಸೆಯ ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ. ಎಂಜಲು ನುಂಗಲಾರದೆ ತುಟಿಯ ಅಂಚಿನಿಂದ ಸೋರುತ್ತಿತ್ತು. ಮೈ ಕೆಂಡ. ಇಸ್ತ್ರಿಯಕ್ಕ ಬಟ್ಟಲನ್ನು ಅಲ್ಲೇ ಇಟ್ಟು ಆಟೋ ಕರೆಯಲು ಓಡಿದಳು.

ಆಸ್ಪತ್ರೆಯಲ್ಲಿ ಕುತ್ತಿಗೆಯಲ್ಲಿ ಸೀಳು ಮಾಡಿ ಕೀವು ತೆಗೆದರು, ಆ ಹಲ್ಲನ್ನೂ ಕಿತ್ತರು. ಮರುದಿನ ಹೆರಿಗೆ ನೋವು ಶುರುವಾಯಿತು. ಹೆಣ್ಣು ಮಗು. ಗಾಜಿನ ಪೆಟ್ಟಿಗೆಯೊಳಗೆ ಎರಡು ದಿನ ಉಸಿರಾಡಿ, ಮೂರನೆಯ ದಿನ ನಿಲ್ಲಿಸಿತು.

ಇಸ್ತ್ರಿಯಕ್ಕ ಕಾರಿಡಾರಿನಲ್ಲಿ ಡಾಕ್ಟರನ್ನು ತಡೆದಳು. "ಹಲ್ಲಿಂದಲೇ ಹೀಗಾಯ್ತಾ?"

"ದಿನ ತುಂಬದೆ ಹುಟ್ಟೋದಕ್ಕೆ ಬೇರೆ ಕಾರಣಗಳೂ ಇರ್ತವೆ, ಖಚಿತವಾಗಿ ಹೇಳೋಕಾಗಲ್ಲ," ಎಂದರು ಡಾಕ್ಟರ್. "ಆದ್ರೆ ಇಷ್ಟು ಸೋಂಕು, ಇಷ್ಟು ಜ್ವರ ಹಲ್ಲಿಂದಲೇ. ಮೊದಲೇ ತೋರಿಸಿದ್ರೆ ಇಲ್ಲೀತನಕ ಬರ್ತಿರ್ಲಿಲ್ಲ."

'ಖಚಿತವಿಲ್ಲ' ಎಂಬ ಮಾತಿನ ಮರೆಯಲ್ಲಿ ಇಸ್ತ್ರಿಯಕ್ಕ ಅಡಗಿಕೊಳ್ಳಬಹುದಿತ್ತು. ಎರಡು ದಿನ ಅಡಗಿಯೂ ನೋಡಿದಳು. ಆಮೇಲೆ ಚೀಲದೊಳಗಿನ ಚೀಟಿ ತೆಗೆದು ಮಡಿಕೆ ಬಿಚ್ಚಿದಳು.

ಸೊಸೆ ಮನೆಗೆ ಬಂದ ದಿನ ಅಕ್ಕಪಕ್ಕದವರು ಸೇರಿದರು. "ಹಣೆಬರಹ ಕಣಮ್ಮ, ಯಾರೇನು ಮಾಡೋಕಾಗುತ್ತೆ?" ಎಂದು ಮೂಲೆಮನೆಯ ಅಜ್ಜಿ ನಿಟ್ಟುಸಿರಿಟ್ಟಳು.

"ಹಣೆಬರಹ ಅನ್ಬೇಡಿ," ಎಂದಳು ಇಸ್ತ್ರಿಯಕ್ಕ. "ನರ್ಸ್ ಚೀಟಿ ಕೊಟ್ಟಿದ್ಳು. ಬೇಡ ಅಂದೋಳು ನಾನು."

ಬಾಗಿಲ ಬಳಿ ನಿಂತಿದ್ದ ಮಗ ತಲೆ ತಗ್ಗಿಸಿ ಹೊರಗೆ ಹೋದ. ಸೊಸೆ ಗೋಡೆಯ ಕಡೆ ತಿರುಗಿ ಮಲಗಿದಳು.

ಹತ್ತು ದಿನದ ಮೇಲೆ, ಕುತ್ತಿಗೆಯ ಪಟ್ಟಿ ಬದಲಿಸುತ್ತಿದ್ದ ಅತ್ತೆಯ ಕೈಯನ್ನು ಸೊಸೆ ತಡೆದಳು. "ಎಲ್ಲರ ಮುಂದೆ ಒಪ್ಕೊಂಡ್ರಲ್ಲ, ಅಲ್ಲಿಗೆ ಮುಗೀತು ಅಂದ್ಕೋಬೇಡಿ."

"ಮುಗಿಯಲ್ಲ ಅಂತ ಗೊತ್ತು ಕಣಮ್ಮ."

ಸೊಸೆ ಕೈ ಬಿಟ್ಟಳು. ಇಸ್ತ್ರಿಯಕ್ಕ ಗಾಯವನ್ನು ಒರೆಸಿ, ಹೊಸ ಪಟ್ಟಿ ಇಟ್ಟು, ಅಂಚುಗಳನ್ನು ಮೆಲ್ಲಗೆ ಒತ್ತಿದಳು.