ಸೋಮಾರಿಯ ಪಾದದಚ್ಚು

ಹೋದ ತಿಂಗಳು, ತಂಗಿಯ ಉಸಿರು ನಿಂತ ಹತ್ತು ನಿಮಿಷಕ್ಕೆ ದೊಡ್ಡಾಸ್ಪತ್ರೆಯವರು ಹಾಸಿಗೆ ಖಾಲಿ ಮಾಡಿಸಿದರು. ಹತ್ತು ನಿಮಿಷ, ಬೆಣ್ಣೆ ಈಗ ಹೇಳಿ ಹೋದದ್ದೂ ಅಷ್ಟೇ, ಹತ್ತೇ ನಿಮಿಷ ಕಣಮ್ಮಾ, ಟೀಚರ್ ಬಂದು ಕೂತಿದ್ದಾರೆ, ಒತ್ತಿ ಕೊಟ್ಟುಬಿಡು — ಬಾಗಿಲು ಎಳೆದುಕೊಂಡು ಹೋದ, ಸದ್ದೇ ಇಲ್ಲ, ಈ ಕ್ಲಿನಿಕ್ಕಿನ ಬಾಗಿಲುಗಳಿಗೆಲ್ಲ ರಬ್ಬರು ಬಡಿಸಿದ್ದಾನೆ, ನಾಯಿ ಸತ್ತವರಿಗೆ ಬಾಗಿಲು ಬಡಿದ ಸದ್ದು ನೋಯಿಸಬಾರದಂತೆ, ಬೋರ್ಡಿನಲ್ಲಿ ಅವನ ಹೆಸರಿನ ಕೆಳಗೆ ಮ್ಯಾನೇಜರ್ ಅಂತಿದೆ, ನಮ್ಮ ಬಾಯಲ್ಲಿ ಬೆಣ್ಣೆ, ಬೈಯುವಾಗಲೂ ದನಿ ಏರದು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸದಿಂದ ತೆಗೆಯುತ್ತಾನೆ. ಎದುರಿಗೆ ಸ್ಟೀಲು ಮೇಜು, ಮೇಜಿನ ಮೇಲೆ ಅಂಗೈಯಗಲದ ಬಿಳಿ ಕ್ಲೇ, ನಾನೇ ಲಟ್ಟಿಸಿದ್ದು, ನುಣ್ಣಗೆ, ತಣ್ಣಗೆ, ಇದರ ಮೇಲೆ ಸತ್ತ ನಾಯಿಯದೋ ಬೆಕ್ಕಿನದೋ ಪಾದ ಒತ್ತಿ, ಮೂಲೆಯಲ್ಲಿರುವ ಪುಟ್ಟ ಓವನ್ನಿನಲ್ಲಿ ಕಾಲುಗಂಟೆ ಇಟ್ಟು, ರಿಬ್ಬನ್ನು ಕಟ್ಟಿ ಡಬ್ಬಿಗೆ ಹಾಕಿ ಮನೆಯವರ ಕೈಗೆ ಕೊಡುವುದು ಇಲ್ಲಿಯ ಪದ್ಧತಿ, ನಾಲ್ಕು ವರ್ಷದಿಂದ ಇಲ್ಲಿ ಆಯಾ ನಾನು, ನೆಲ ಒರೆಸುವವಳೂ ನಾನೇ, ಕೊನೆಯ ಪಾದ ಹಿಡಿಯುವವಳೂ ನಾನೇ, ಇವತ್ತು ಕ್ಲೇ ಇದೆ, ಪಾದ ಇಲ್ಲ. ಪಾದ ಮೂರು ದಿನದ ಹಿಂದೆಯೇ ಸುಡುವ ಕಡೆಗೆ ವ್ಯಾನಿನಲ್ಲಿ ಹೋಯಿತು, ಟೀಚರ ನಾಯಿ, ಹದಿನಾಲ್ಕು ವರ್ಷದ್ದು, ಅಚ್ಚು ತೆಗೆಯದೆ ಚೀಲದ ಬಾಯಿ ಕಟ್ಟಿದವಳು ನಾನು, ಮರೆತಿದ್ದೇನೆ ಅಂದುಕೊಂಡಿದ್ದಾನೆ ಬೆಣ್ಣೆ, ಮರೆವು ಯಾರಿಗಿಲ್ಲ ಬಿಡಮ್ಮಾ, ನಿನ್ನ ಹೆಬ್ಬೆರಳಿದೆಯಲ್ಲ, ಬುಡದಿಂದ ಒಂದ್ಸಲ ಜೋರಾಗಿ ಒತ್ತು, ಅಂಗಾಲಾಯ್ತು, ತುದಿಯಿಂದ ಮೇಲೆ ನಾಲ್ಕು ಒತ್ತು, ಬೆರಳಾಯ್ತು, ಆಮೇಲೆ ಸ್ವಲ್ಪ ನೀರು ಸವರು, ನಿನ್ನ ಬೆರಳಿನ ಗೆರೆ ಕಾಣಬಾರದು ನೋಡು, ನಿನಗಿಂತ ಚೆನ್ನಾಗಿ ಅದರ ಆಕಾರ ಇನ್ಯಾರಿಗೆ ಗೊತ್ತು. ಹೊಗಳಿಕೆ ಬೇರೆ. ಅಷ್ಟು ಮೆತ್ತಗೆ ಹೇಳಿದರೆ ವಿಷವೂ ಗಂಟಲಲ್ಲಿ ಇಳಿಯುತ್ತದೆ.

ಗಾಜಿನಾಚೆ ಬೀಳ್ಕೊಡುವ ಕೋಣೆ, ಈ ಕಡೆಯಿಂದ ಆ ಕಡೆಗೆ ಕಾಣುತ್ತದೆ, ಆ ಕಡೆಯವರಿಗೆ ನಾನು ಕಾಣುವುದಿಲ್ಲ, ಬೂದು ಬಣ್ಣದ ಸೋಫಾ, ಕೈಗೆಟುಕುವಷ್ಟು ದೂರದಲ್ಲಿ ಟಿಶ್ಯೂ, ಒಂದು ಜಗ್ಗು ನೀರು, ಟೀಚರ್ ತುದಿಯಲ್ಲಿ ಕೂತಿದ್ದಾರೆ, ರಿಟೈರಾದವರು, ಮಡಿಲಲ್ಲಿ ಬ್ಯಾಗು, ಕಣ್ಣು ಊದಿದೆ, ರಿಸೆಪ್ಷನ್ನಿನ ಹುಡುಗಿ ಅವರ ಮುಂದೆ ಮಂಡಿಯೂರಿ ಟೀ ಕೊಡುತ್ತಿದ್ದಾಳೆ, ಮಂಡಿಯೂರಿ — ನಿಂತು ಕೊಟ್ಟರೆ ಎತ್ತರದಿಂದ ಕೊಟ್ಟ ಹಾಗಂತೆ, ಅವಳ ಮೇಜಿನ ಗಾಜಿನ ಕೆಳಗೆ ಇದೆಲ್ಲ ಬರೆದಿಟ್ಟಿದ್ದಾರೆ, ನಾನು ಧೂಳು ಒರೆಸುತ್ತ ಒರೆಸುತ್ತ ಬಾಯಿಪಾಠವಾಗಿದೆ, ಸತ್ತ ಪ್ರಾಣಿಯ ಹೆಸರು ಹಿಡಿದು ಮಾತಾಡಿ, ಬಾಡಿ ಅನ್ನಬೇಡಿ, ಅವಸರ ಮಾಡಬೇಡಿ, ಅತ್ತರೆ ಸುಮ್ಮನಿರಿ, ಮೂರನೇ ದಿನ ಫೋನ್ ಮಾಡಿ ಊಟ ಮಾಡಿದಿರಾ ಕೇಳಿ, ಹತ್ತನೇ ದಿನ ಕಾರ್ಡು. ಊಟ ಮಾಡಿದಿರಾ. ಇವತ್ತು ಬೆಳಿಗ್ಗೆ ನನ್ನ ಕಿವಿಯಾರೆ ಕೇಳಿದೆ, ಹುಡುಗಿ ಫೋನಿನಲ್ಲಿ, ಟೀಚರ್, ಸೋಮಾರಿ ಇಲ್ಲದೆ ಮನೆ ಹೇಗಿದೆ, ಏನಾದ್ರೂ ತಿಂದ್ರಾ — ಸೋಮಾರಿ, ನಾಯಿಯ ಹೆಸರು ಅದು, ಎಷ್ಟು ಕರೆದರೂ ಏಳುತ್ತಿರಲಿಲ್ಲವಂತೆ, ನೋಡಿ ಲೋಕ ಹೇಗಿದೆ, ನಾನು ಮೆಟ್ಟಿಲ ಮೇಲೆ ಎರಡು ನಿಮಿಷ ಕೂತರೆ ಸೋಮಾರಿ, ಅಲ್ಲಿ ಹತ್ತನೇ ದಿನಕ್ಕೆಂದು ಈಗಲೇ ಬರೆಸಿಟ್ಟ ಕಾರ್ಡಿನ ಮೇಲೆ ಬಂಗಾರದ ಬಣ್ಣದಲ್ಲಿ ನಮ್ಮ ಪ್ರೀತಿಯ ಸೋಮಾರಿಗೆ. ನನಗೆ ಮೂರನೇ ದಿನ ಯಾರ ಫೋನೂ ಬರಲಿಲ್ಲ. ಬಂದಿತ್ತು, ಸುಳ್ಳೇಕೆ, ಬಂದಿತ್ತು, ವಾರ್ಡಿನಿಂದ, ನೀವು ಒಂದು ಹೊದಿಕೆ ವಾಪಸ್ ಕೊಟ್ಟಿಲ್ಲ.

ಅವಳು ಇಪ್ಪತ್ತಾರರವಳು, ತಂಗಿ ಅನ್ನಲೋ ಮಗಳು ಅನ್ನಲೋ, ಅಮ್ಮ ಹೋದಾಗ ಅವಳಿಗೆ ನಾಲ್ಕು, ನನಗೆ ಹದಿನಾಲ್ಕು, ನನ್ನ ಸೊಂಟದ ಮೇಲೇ ಬೆಳೆದವಳು, ಜ್ವರ ಅಂತ ಸೇರಿಸಿದೆವು, ಒಂಬತ್ತನೇ ದಿನ ಮಧ್ಯಾಹ್ನ ಊಟದ ಗಾಡಿ ಬಂದ ಹೊತ್ತಿಗೇ ಹೋದಳು, ಅಕ್ಕಾ ಕಿಟಕಿ ತೆಗಿ ಅಂದಳು, ಕಿಟಕಿಯ ಚಿಲಕ ಬಿಗಿದಿತ್ತು, ನಾನು ಚಿಲಕದ ಜೊತೆ ಗುದ್ದಾಡುತ್ತಿದ್ದೆ, ತಿರುಗಿದರೆ ಅವಳಿಲ್ಲ, ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಅರ್ಧ ತೆರೆದು ಕಿಟಕಿಯನ್ನೇ ನೋಡುತ್ತಿತ್ತು. ಹದಿನೇಳನೇ ನಂಬರ್ ಬಾಡಿ ಯಾರ ಕಡೆಯವರು, ಬನ್ನಿ ಬನ್ನಿ, ಹೊರಗೆ ಪೇಷಂಟು ಕಾಯ್ತಿದ್ದಾರೆ, ಅಳೋದಿದ್ರೆ ಹೊರಗೆ ಅಳಿ — ಗುಮಾಸ್ತ ಕಾಗದ ಹಿಡಿದು ಬಂದ, ನನ್ನ ಹೆಬ್ಬೆರಳು ಹಿಡಿದುಕೊಂಡ, ನನಗೆ ಸಹಿ ಬರುತ್ತೆ ಸಾರ್, ನಾನು ಏಳನೇ ಕ್ಲಾಸು, ಸಹಿ ಮಾಡ್ತೀನಿ, ಅಯ್ಯೋ ಎಲ್ಲಿ ಟೈಮಿದೆ, ಒತ್ತಮ್ಮಾ, ಅವನ ಕಿಸೆಯಲ್ಲಿ ಪೆನ್ನಿತ್ತು, ಕ್ಯಾಪಿನ ತುದಿ ಹೊಳೆಯುತ್ತಿತ್ತು, ನೀಲಿ ಪ್ಯಾಡಿಗೆ ನನ್ನ ಬೆರಳನ್ನು ತಾನೇ ಅದ್ದಿ ಕಾಗದಕ್ಕೆ ತಾನೇ ಒತ್ತಿದ, ಬೆರಳು ನನ್ನದು, ಒತ್ತಿದವನು ಅವನು, ನಾನು ಬೇಡ ಅನ್ನಲಿಲ್ಲ. ಬೇಡ ಅನ್ನಬಹುದಿತ್ತು. ಬಿಟ್ಟ ಮೇಲೆ ಓಡಿಹೋಗಿ ಆ ಅರ್ಧ ತೆರೆದ ಕಣ್ಣು ಮುಚ್ಚಿದೆ, ಅದೇ ಬೆರಳಿನಿಂದ, ರೆಪ್ಪೆಯ ಮೇಲೆ ನೀಲಿ. ನನ್ನ ಗೆರೆಗಳೆಲ್ಲ ಸ್ಪಷ್ಟವಾಗಿ, ಕಾಗದದ ಮೇಲೆ ಬಿದ್ದದ್ದಕ್ಕಿಂತ ಸ್ಪಷ್ಟವಾಗಿ, ಸೆರಗು ಒದ್ದೆ ಮಾಡಿ ಒರೆಸಿದೆ, ಹರಡಿತು, ಮನೆಯಲ್ಲಿ ಸೋಪು ಹಾಕಿದೆ, ಚಿಕ್ಕಮ್ಮ ಕೈ ಹಿಡಿದಳು, ಸಾಕು ಬಿಡೇ, ಚರ್ಮ ಕಿತ್ತು ಬಂದೀತು. ನೀಲಿ ರೆಪ್ಪೆ ಹೊತ್ತುಕೊಂಡೇ ಹೋದಳು ನನ್ನ ಕೂಸು.

ಹಾಗಾಗಿ ಆ ದಿನ, ಮೂರು ದಿನದ ಹಿಂದೆ, ಇದೇ ಮೇಜಿನ ಮೇಲೆ ಸೋಮಾರಿ ಮಲಗಿತ್ತು, ಕಂದು ಮೈ, ಬಿಳಿಯಾದ ಮೂತಿ, ಡಾಕ್ಟರಮ್ಮ ನರಳಾಟ ಮುಗಿಸುವ ಸೂಜಿ ಹಾಕುವಾಗ ತಲೆ ಟೀಚರ ತೋಳಿನ ಮೇಲಿತ್ತು, ಕಿಟಕಿ ತೆರೆದಿತ್ತು, ಬಿಸಿಲು ಬೇಕೆಂದರು, ತೆರೆದರು, ಒಂದೇ ಮಾತಿಗೆ ತೆರೆದರು, ಚಿಲಕಕ್ಕೆ ಎಣ್ಣೆ ಹಾಕುವವಳು ನಾನೇ, ಆಮೇಲೆ ನನ್ನ ಕೈಗೆ ಕೊಟ್ಟು ಅವರು ಆ ಕೋಣೆಗೆ ಹೋದರು, ಮೇಣದ ಬತ್ತಿ ಹಚ್ಚಿದರು, ಯಾರೋ ಬೀಳ್ಕೊಡುತ್ತಿದ್ದಾರೆ ಮೆಲ್ಲಗೆ ಮಾತಾಡಿ ಅನ್ನುವ ಫಲಕ ಇಟ್ಟರು, ಡಾಕ್ಟರಮ್ಮ ನೆಲದ ಮೇಲೆ ಕೂತಳು, ಟೀಚರ ಕೈ ಹಿಡಿದು, ನೀವು ಮಾಡಿದ್ದು ಸರಿ, ಅವನಿಗೆ ನೀವು ಯಾವುದಕ್ಕೂ ಕಡಿಮೆ ಮಾಡಿಲ್ಲ, ನಲವತ್ತು ನಿಮಿಷ, ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದೆ, ನಾನು ಕಿಟಕಿ ತೆಗೆಯಲಾಗದವಳು, ನೀನು ಮಾಡಿದ್ದು ಸರಿ ಅಂತ ನನಗೆ ಒಬ್ಬರಾದರೂ — ಎಡಗೈಯಲ್ಲಿ ಕ್ಲೇ, ಬಲಗೈಯಲ್ಲಿ ಪಾದ, ಇನ್ನೂ ಬೆಚ್ಚಗಿತ್ತು, ಹೊಟ್ಟೆಯೊಳಗೆ ಎದ್ದ ಆ ಕಿಚ್ಚಿಗೆ ಬೇರೆ ಹೆಸರಿಡಲಾರೆ, ನಾಯಿಗೆ ಹೊಟ್ಟೆಕಿಚ್ಚು ಪಟ್ಟವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು, ನಾಯಿಪಾಡು ನಾಯಿಪಾಡು ಅಂತಾರಲ್ಲ, ಆ ಮಾತು ಕಟ್ಟಿದವರು ಈ ಕ್ಲಿನಿಕ್ಕು ನೋಡಿರಲಿಲ್ಲ, ದೇವರೇ, ನನ್ನ ತಂಗಿಗೊಂದು ನಾಯಿಪಾಡು ಕೊಡಬಾರದಿತ್ತೇ. ಕಿವಿಯ ಹತ್ತಿರ ಬಗ್ಗಿ ಅಂದೆ, ನಿನಗೆ ಇಷ್ಟೆಲ್ಲ ಸಿಕ್ಕಿತಲ್ಲೋ, ಇದೊಂದು ಇಲ್ಲದಿದ್ದರೆ ಏನಾಯ್ತು. ಕ್ಲೇ ಮತ್ತೆ ಪೊಟ್ಟಣಕ್ಕೆ ಹಾಕಿದೆ. ಪಟ್ಟಿಯಲ್ಲಿ ಪಾದದಚ್ಚು ಆಯಿತು ಅನ್ನುವ ಕಡೆ ಗುರುತು ಹಾಕಿದೆ, ಪೆನ್ನಿನಲ್ಲಿ, ನೀಟಾಗಿ. ವ್ಯಾನು ಬಂತು. ಹೋಗುವಾಗ ಟೀಚರ್ ಒಳಗೆ ಇಣುಕಿ, ಅಮ್ಮಾ, ಸೂಜಿ ಹಾಕುವಾಗ ಅವನ ಕಾಲು ಮೆತ್ತಗೆ ಹಿಡ್ಕೊಂಡೆ ನೀನು, ನೋಡಿದೆ, ನಿನ್ನ ಕೈ ತಣ್ಣಗಿರಲಿ ತಾಯಿ — ಬೈದಿದ್ದರೆ ನಿದ್ದೆ ಬರುತ್ತಿತ್ತು.

ಬಾಗಿಲು ಮತ್ತೆ ಸದ್ದಿಲ್ಲದೆ ತೆರೆಯುತ್ತದೆ, ಬೆಣ್ಣೆಯ ತಲೆ ಮಾತ್ರ ಒಳಗೆ, ಆಯ್ತಾ, ಇನ್ನೊಂದು ವಿಷಯ, ಅವರು ಕೇಳ್ತಿದ್ದಾರೆ, ಬಲಗಾಲಲ್ಲಿ ಒಂದು ಉಗುರು ಇರಲಿಲ್ಲವಂತೆ, ಮರಿಯಾಗಿದ್ದಾಗ ಗೇಟಿಗೆ ಸಿಕ್ಕಿ ಹೋಗಿದ್ದಂತೆ, ಅಚ್ಚಲ್ಲಿ ಅದು ಕಾಣತ್ತಾ ಅಂತ, ಕಾಣತ್ತೆ ಅಂದೆ, ಬೆಂಕಿಕಡ್ಡಿ ಮೊನೆಯಿಂದ ಮೂರೇ ಉಗುರು ಚುಚ್ಚು, ನಾಲ್ಕನೇದು ಬಿಡು, ನಂಬ್ತಾರೆ. ನಂಬುತ್ತಾರೆ, ಯಾಕೆ ನಂಬುವುದಿಲ್ಲ, ಅಳುವವರು ಏನು ಕೊಟ್ಟರೂ ನಂಬುತ್ತಾರೆ, ಮನೆಗೆ ಒಯ್ಯುತ್ತಾರೆ, ಗೋಡೆಗೆ ಹಾಕುತ್ತಾರೆ, ಮಲಗುವ ಮುಂಚೆ ಸವರುತ್ತಾರೆ, ನನ್ನ ಹೆಬ್ಬೆರಳನ್ನು, ಒಂದು ಕ್ಷಣ ಬಾಯಲ್ಲಿ ನೀರೂರಿತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಊರಿತು, ಒಬ್ಬ ಓದಿದ ಹೆಂಗಸು ಜೀವನವಿಡೀ ನನ್ನ ಬೆರಳಿಗೆ ಮುತ್ತು ಕೊಟ್ಟು ಅಳಲಿ, ದೊಡ್ಡಾಸ್ಪತ್ರೆಯ ಕಾಗದದ ಮೇಲೆ ಬಿದ್ದ ನನ್ನ ಗೆರೆಗೆ ಯಾರೂ ಅಳಲಿಲ್ಲ, ಇಲ್ಲಾದರೂ ಅಳಲಿ, ಸೇಡು ಎಷ್ಟು ಸಿಹಿ, ಎಷ್ಟು ಸಲೀಸು, ಐದು ಸಲ ಒತ್ತಿದರೆ ಮುಗಿಯಿತು. ಹೆಬ್ಬೆರಳು ಕ್ಲೇಯ ಮೇಲೆ ನಿಂತಿದೆ, ಒಂದು ನೂಲಿನಷ್ಟು ಎತ್ತರದಲ್ಲಿ, ಅದರ ತಂಪು ಚರ್ಮಕ್ಕೆ ತಾಗುತ್ತಿದೆ, ಗಾಜಿನಾಚೆ ಟೀಚರ್ ಬ್ಯಾಗಿನಿಂದ ಒಂದು ಪುಟ್ಟ ಮರದ ಸ್ಟ್ಯಾಂಡು ತೆಗೆದು ಮೇಜಿನ ಮೇಲಿಟ್ಟರು, ಅಚ್ಚು ನಿಲ್ಲಿಸಲು, ಮನೆಯಿಂದಲೇ ತಂದಿದ್ದಾರೆ, ಖಾಲಿ ಸ್ಟ್ಯಾಂಡನ್ನು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ತಿರುಗಿಸಿ ನೋಡುತ್ತಿದ್ದಾರೆ, ನಾನು ಸೆರಗು ಒದ್ದೆ ಮಾಡಿಕೊಂಡು ಒರೆಸಿದ್ದು ನೆನಪಾಯಿತು, ಇವರಿಗೂ ಒಂದು ದಿನ ಗೊತ್ತಾಗುತ್ತದೆ, ಬೆಳಕಿಗೆ ಹಿಡಿದಾಗ ನೀರು ಸವರಿದ ಕಡೆಯೂ ಒಂದೆರಡು ಗೆರೆ ಉಳಿದಿರುತ್ತವೆ, ಸವರಿದಷ್ಟೂ ಹರಡುತ್ತವೆ, ಮನುಷ್ಯರ ಗೆರೆ ನಾಯಿಯ ಕಾಲಲ್ಲಿ ಇರುವುದಿಲ್ಲ ಅಂತ ಟೀಚರಿಗೆ ನಾನು ಹೇಳಿಕೊಡಬೇಕೇ.

ಒತ್ತಮ್ಮಾ, ಬೆಣ್ಣೆ ಒಳಗೇ ಬಂದ, ದನಿ ಇನ್ನೂ ಮೆತ್ತಗೆ, ಏನು ಯೋಚನೆ, ಹಿಟ್ಟಿನ ಹಾಗಿದೆ, ಒತ್ತು. ಗುಮಾಸ್ತನ ಆ ಮಾತು, ಅದೇ ಮಾತು, ಒತ್ತಮ್ಮಾ, ಇವನ ಕಿಸೆಯಲ್ಲೂ ಪೆನ್ನಿದೆ, ಇವನ ಕೈಯೂ ನನ್ನ ಮಣಿಕಟ್ಟಿನ ಕಡೆ ಬರುತ್ತಿದೆ, ನಾನು ತೋರಿಸಿಕೊಡಲಾ, ಹೀಗೆ — ಕೈ ಹಿಂದಕ್ಕೆ ಎಳೆದುಕೊಂಡೆ, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದೆ, ನಾಲ್ಕು ಬೆರಳಿಂದ ಮುಚ್ಚಿದೆ, ಮರೆತದ್ದಲ್ಲ ಸಾರ್, ನಾನು ಬೇಕಂತ್ಲೇ ತೆಗೀಲಿಲ್ಲ, ಹೊಟ್ಟೆಕಿಚ್ಚಿಂದ ತೆಗೀಲಿಲ್ಲ, ಅದನ್ನ ನಾನೇ ಹೋಗಿ ಅವರಿಗೆ ಹೇಳ್ತೀನಿ. ಮೊದಲ ಸಲ ಅವನ ದನಿ ಏರಿತು, ಹುಚ್ಚು ಹಿಡಿದಿದೆಯಾ ನಿನಗೆ, ಕೆಲಸ ಹೋಗತ್ತೆ ಗೊತ್ತಾ, ಸುಮ್ಮನೆ ಒತ್ತೇ, ಆಯಾ ಆಗಿ ಆಯಾ ಥರ ಇರು — ಅಬ್ಬ, ಬೆಣ್ಣೆಯ ಕೆಳಗೂ ಇದ್ದದ್ದು ಅದೇ ಕಬ್ಬಿಣ, ಟೀಚರ್ ಗಾಜಿನ ಕಡೆ ತಿರುಗಿದರು, ಕೇಳಿಸಿತು, ರಬ್ಬರು ಬಡಿದ ಬಾಗಿಲು ಇಷ್ಟು ದನಿ ತಡೆಯುವುದಿಲ್ಲ, ಕೇಳಲಿ, ಕ್ಲೇ ಮೇಜಿನ ಮೇಲೆ ನುಣ್ಣಗೆ, ಬೆಳ್ಳಗೆ, ಮುಚ್ಚಿದ ರೆಪ್ಪೆಯ ಹಾಗೆ, ಒತ್ತಲ್ಲ ಸಾರ್, ಒತ್ತು ಅಂತಿದೀನಲ್ಲ, ಒತ್ತಲ್ಲ, ಮುಷ್ಟಿಯೊಳಗೆ ಹೆಬ್ಬೆರಳು ಬಿಸಿಯಾಗಿದೆ, ಮಿಡಿಯುತ್ತಿದೆ, ಬಿಚ್ಚಿದರೆ ಇನ್ನೂ ನೀಲಿ ಇರುತ್ತದೆ ನನಗೆ ಗೊತ್ತು, ಒಂದು ರೆಪ್ಪೆ, ಅದರ ಮೇಲೆ ನೀಲಿ, ನನ್ನ ಗೆರೆ, ರೆಪ್ಪೆಯ ಮೇಲೆ ನೀಲಿ, ಒತ್ತಲ್ಲ, ನೀಲಿ