ಸಂತೆ ದಿನದ ಮಾತ್ರೆ

ಮೆಡಿಕಲ್ ಶಾಪಿನ ಗಫೂರ್ ಹೇಳಿದ್ದು ಬರೀ ಮಾತಿಗೆ. "ನಿಮ್ಮ ಬಳೆ ಬಿಲ್ಕಿಸಮ್ಮ ತಿಂಗಳಿನ ಮಾತ್ರೆ ಹತ್ತೇ ದಿನಕ್ಕೆ ಖಾಲಿ ಮಾಡಿ ಮತ್ತೆ ತಗೊಂಡು ಹೋದ್ರು ಸಿಸ್ಟರೇ."

ಗೋದಾವರಿ ಬೆರಳು ಮಡಚಿ ದಿನ ಎಣಿಸಿದಳು. ಆ ಮಾತ್ರೆ ವಾರಕ್ಕೆ ಒಂದೇ ಸಲ. ಹೆಚ್ಚಾದರೆ ಮೈಯಲ್ಲಿ ರಕ್ತ ಹುಟ್ಟುವುದನ್ನೇ ನಿಲ್ಲಿಸಿಬಿಡುವಂಥ ಮದ್ದು.

ಕೊಪ್ಪದ ಆಸ್ಪತ್ರೆಯಲ್ಲಿ ಸಂಧಿವಾತದವರನ್ನು ನೋಡಿಕೊಳ್ಳುವವಳು ಅವಳೇ. ಶಿವಮೊಗ್ಗದ ಡಾಕ್ಟರು ಬರುವುದು ತಿಂಗಳಿಗೊಮ್ಮೆ. ಮಿಕ್ಕ ದಿನ ಗಂಟು ಒತ್ತಿ ನೋಡುವುದು, ರಕ್ತದ ರಿಪೋರ್ಟು ಓದುವುದು, ಮಾತ್ರೆ ನುಂಗುವ ಕ್ರಮ ಹೇಳಿಕೊಡುವುದು, ಎಲ್ಲ ಗೋದಾವರಿ ಸಿಸ್ಟರ್. ವಾರ ಮರೆಯುವವರಿಗೆಂದು ಈಚೆಗೆ ಅವಳೊಂದು ಉಪಾಯ ಹುಡುಕಿದ್ದಳು: "ಸಂತೆ ದಿನ ಊಟ ಆದ್ಮೇಲೆ ನುಂಗಿ." ಎಂಥ ಜಾಣತನ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು ಕೂಡ. ಆದರೆ ಬಿಲ್ಕಿಸ್ ಬಳೆ ಮಾರುವವಳು. ಅವಳಿಗೆ ಕೊಪ್ಪದ್ದೂ ಸಂತೆ, ಶೃಂಗೇರಿಯದೂ ಸಂತೆ, ನರಸಿಂಹರಾಜಪುರದ್ದೂ ಸಂತೆ.

ಇವತ್ತು ನರಸಿಂಹರಾಜಪುರದ ಸರದಿ. ಊಟದ ಹೊತ್ತು ಹತ್ತಿರ ಬಂದಿತ್ತು. ಹೊರಟಿದ್ದ ಬಸ್ಸನ್ನು ಓಡಿ ಹತ್ತಿದಳು. ಬಸ್ಸೋ, ಕೈ ತೋರಿದಲ್ಲೆಲ್ಲ ನಿಲ್ಲುವ ಧರ್ಮಾತ್ಮ.

"ಸ್ವಲ್ಪ ಬೇಗ ಬಿಡಿ ಮಾರಾಯ್ರೇ!"

"ಎಂತ ಸಿಸ್ಟರೇ, ಹೆರಿಗೆಯಾ?" ಕಂಡಕ್ಟರ್ ನಕ್ಕ.

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ನಿಜಕ್ಕೂ ಬಾರಿಸಬೇಕಾದದ್ದು ತನ್ನ ಕೆನ್ನೆಗೇ. ಸೀಟಿದ್ದರೂ ಕೂರದೆ, ದಾರಿಯುದ್ದಕ್ಕೂ ಬಾಗಿಲ ಹತ್ತಿರವೇ ನಿಂತಳು.

ಸಂತೆಯಲ್ಲಿ ಬಿಲ್ಕಿಸ್ ಹುಡುಗಿಯೊಬ್ಬಳ ಕೈ ಹಿಸುಕಿ ಬಳೆ ತೊಡಿಸುತ್ತಿದ್ದಳು. ಆರು ತಿಂಗಳ ಹಿಂದೆ ಲೋಟ ಎತ್ತಲೂ ಆಗದಿದ್ದ ಬಿಲ್ಕಿಸಳ ಬೆರಳುಗಳು ಅವು. ಪಕ್ಕದಲ್ಲಿದ್ದ ಬುತ್ತಿ ಇನ್ನೂ ಬಿಚ್ಚಿರಲಿಲ್ಲ. ಗೋದಾವರಿಗೆ ಹೋದ ಜೀವ ಬಂದಂತಾಯಿತು.

"ಮಾತ್ರೆ ತಗೊಂಡ್ರಾ ಬಿಲ್ಕಿಸಮ್ಮ?"

"ಇಲ್ಲ. ಊಟ ಎಲ್ಲಿ ಮಾಡೂದು? ಬಾಯೆಲ್ಲ ಹುಣ್ಣು ಮಾರಾಯ್ರೇ."

ಬಂದ ಜೀವ ಮತ್ತೆ ಹಾರಿತು. ಬಾಯಿ ಹುಣ್ಣಾಗಿದೆ ಎಂದರೆ ಮದ್ದು ಆಗಲೇ ವಿಷವಾಗತೊಡಗಿದೆ.

ನಡೆದದ್ದನ್ನು ಎರಡು ಮಾತಲ್ಲಿ ಹೇಳಿ, ಅವಳನ್ನು ಹತ್ತಿರದ ಅಂಗಡಿಯ ಕಾಯಿನ್ ಫೋನಿನತ್ತ ಎಳೆದೊಯ್ದಳು. ಎಲ್ಲ ಕೇಳಿಸಿಕೊಂಡ ಡಾಕ್ಟರು, "ಮಾತ್ರೆ ನಿಲ್ಲಿಸಿ. ಈಗಲೇ ಶಿವಮೊಗ್ಗಕ್ಕೆ ಕರ್ಕೊಂಡು ಬನ್ನಿ, ರಕ್ತ ನೋಡಬೇಕು" ಎಂದರು. ಆಮೇಲೆ ಕೇಳಿದರು: "ನೀವು ಸರಿಯಾಗಿ ಹೇಳಿದ್ದನ್ನ ಅವರೇ ತಪ್ಪು ತಿಳ್ಕೊಂಡ್ರಾ ಸಿಸ್ಟರ್?"

ಬಿಲ್ಕಿಸ್ ರಿಸೀವರಿಗೆ ಕಿವಿ ಹಚ್ಚಿ ನಿಂತಿದ್ದಳು.

"ಹೌದು ಅನ್ನಿ," ಎಂದು ಪಿಸುಗುಟ್ಟಿದಳು. "ನಿಮ್ಮನ್ನ ತೆಗೆದುಹಾಕಿದ್ರೆ ನನ್ನ ಕೈ ನೋಡೂದು ಯಾರು?"

ಗೋದಾವರಿಗೆ ಅಳು ಬಂತು. ಹೌದು ಎಂದುಬಿಡುವ ಆಸೆಯೂ ಬಂತು, ಸುಳ್ಳೇಕೆ ಹೇಳಬೇಕು.

"ಇಲ್ಲ ಸಾರ್, ತಪ್ಪು ನಂದು," ಎಂದಳು. "ಇನ್ನೂ ಹದಿನಾಲ್ಕು ಜನಕ್ಕೆ ಹೀಗೇ ಹೇಳಿದ್ದೀನಿ."