ಮುರಾರಿದಾನ ಮಾತು

ಮುರಾರಿ ಉಪಾಧ್ಯ ಪ್ರಸಿದ್ಧನಾದದ್ದು ಮಳೆನೀರಿನಲ್ಲಿ ನಿಂತು. ಆ ವರ್ಷದ ಮಳೆಗಾಲದಲ್ಲಿ ಕೋಲ್ಕತ್ತದ ಜಾದವ್‌ಪುರದ ಓಣಿಗಳಲ್ಲಿ ತುಂಬಿದ ನೀರು ಇಳಿಯಲೇ ಇಲ್ಲ. ಉಡುಪಿ ಕಡೆಯಿಂದ ಬಂದು ಅಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದ ಅವನು ಲುಂಗಿ ಎತ್ತಿ ಕಟ್ಟಿ, ಹೊರಗೆ ಬರಲಾರದ ಮನೆಗಳಿಗೆ ಇಡ್ಲಿ ಹಂಚುತ್ತಿದ್ದ. ಅದೇ ಹೊತ್ತಿಗೆ ವಾರ್ಡಿನ ಕೌನ್ಸಿಲರ್ ಸರಕು ಸಾಗಿಸುವ ಸೈಕಲ್ ಗಾಡಿಯ ಮೇಲೆ ಕುರ್ಚಿ ಹಾಕಿಸಿಕೊಂಡು ನೀರು ನೋಡಲು ಬಂದ. ಮುರಾರಿ ತನ್ನ ಕರಾವಳಿ ಧಾಟಿಯ ಬಂಗಾಳಿಯಲ್ಲಿ, "ದಾದಾ, ಮೇಲೆ ಕೂತರೆ ನೀರು ಎಷ್ಟಿದೆ ಅಂತ ತಿಳಿಯುವುದಿಲ್ಲ. ಇಳಿಯಿರಿ," ಎಂದು ಕೈ ಚಾಚಿದ. ಸುತ್ತಲೂ ಜನ ನೋಡುತ್ತಿದ್ದರು. ಕೌನ್ಸಿಲರ್ ಇಳಿದ.

ಅದನ್ನು ಚಿತ್ರೀಕರಿಸಿದವಳು ವೈಷ್ಣವಿ. ಬೆಂಗಳೂರಿನವಳು, ಕೋಲ್ಕತ್ತದ ಹೊಸ ಸುದ್ದಿವಾಹಿನಿಯೊಂದರಲ್ಲಿ ಕಾರ್ಯಕ್ರಮ ನಿರ್ಮಾಪಕಿ. ಮರುದಿನ ಬೆಳಿಗ್ಗೆಯ ಹೊತ್ತಿಗೆ ಆ ದೃಶ್ಯ ಊರಿನ ಎಲ್ಲ ಫೋನುಗಳಲ್ಲೂ ಇತ್ತು. ಮುರಾರಿಗೆ ಒಂದು ಕಾರ್ಯಕ್ರಮ ಕೊಡೋಣ ಎಂದು ಸಂಪಾದಕರನ್ನು ಒಪ್ಪಿಸಿದವಳೂ ಅವಳೇ. ಸಂಜೆ ಅರ್ಧ ಗಂಟೆ ಅವನು ತನ್ನ ಹೋಟೆಲಿನಲ್ಲೇ ಕೂತು ಜನರ ದೂರು ಕೇಳಿ, ಯಾರಿಗೆ ಬೈಯಬೇಕೋ ಅವರಿಗೆ ಬೈಯುವುದು.

ಮೊದಮೊದಲು ಅವನ ಬೈಗುಳದಿಂದ ಒಳ್ಳೆಯದೇ ಆಯಿತು. ಕೆಟ್ಟ ಬೀದಿದೀಪಗಳು ಹತ್ತಿದವು, ವಿಧವೆಯೊಬ್ಬಳ ನಿಂತಿದ್ದ ಪಿಂಚಣಿ ಬಂತು. ಜನ ಅವನನ್ನು ಮುರಾರಿದಾ, ಅಂದರೆ ಮುರಾರಿ ಅಣ್ಣ, ಎನ್ನತೊಡಗಿದರು. ಕಾಳಿಘಾಟಿನ ಗುಡಿಗೆ ಹೋದರೆ ಸರತಿಯಲ್ಲಿದ್ದವರು ಅವನಿಗೆ ದಾರಿ ಬಿಡತೊಡಗಿದರು. ಮೊದಲ ಸಲ ಅವನು ಸಂಕೋಚಪಟ್ಟ. ಆಮೇಲೆ, ದಾರಿ ಬಿಡದವರ ಮುಖವನ್ನು ನೆನಪಿಟ್ಟುಕೊಳ್ಳಲು ಕಲಿತ. ಪಕ್ಷಗಳವರು ಮನೆಗೆ ಬರತೊಡಗಿದರು. ಅವನು ಅವರನ್ನು ಕಾಯಿಸುತ್ತಿದ್ದ.

ಹೋಟೆಲಿನ ಪಕ್ಕದಲ್ಲಿ ಮಿಹಿರ್ ಎಂಬವನ ಸಿಹಿತಿಂಡಿಯ ಅಂಗಡಿಯಿತ್ತು. ಅವನ ತಂದೆಯ ಕಾಲದ್ದು, ಛೇನಾ ಎಂಬ ಒಡೆದ ಹಾಲಿನ ಗಟ್ಟಿಯಿಂದ ಮಾಡುವ ಸಂದೇಶ್ ಎಂಬ ಸಿಹಿಗೆ ಹೆಸರಾದದ್ದು. ನೋಡಲು ಬರುವ ಜನ ಹೋಟೆಲಿನಲ್ಲಿ ಹಿಡಿಸದಾದಾಗ ಮುರಾರಿ ಆ ಜಾಗ ಕೇಳಿದ. ಮಿಹಿರ್ ಕೊಡಲಿಲ್ಲ. ಇನ್ನೊಮ್ಮೆ ಕೇಳಿದಾಗಲೂ ಚಹಾ ಕುಡಿಸಿ, ಇಲ್ಲ ಎಂದೇ ಹೇಳಿ ಕಳಿಸಿದ.

ಆ ವಾರ ಕಾರ್ಯಕ್ರಮಕ್ಕೆ ಮುಂಚೆ ಮುರಾರಿ ವೈಷ್ಣವಿಗೆ, ಇವತ್ತು ಕಲಬೆರಕೆ ಛೇನಾದ ಬಗ್ಗೆ ಮಾತಾಡುತ್ತೇನೆ ಎಂದ.

"ಯಾರ ಅಂಗಡೀದು ಸರ್? ಟೆಸ್ಟ್ ಮಾಡಿಸಿದ್ದೀರಾ?"

"ಟೆಸ್ಟ್ ಎಂತಕ್ಕೆ ಮಾರಾಯ್ತಿ? ನಾನು ಹೇಳಿದ್ರೆ ಸಾಕು. ಹೆಸರು ಹೇಳುದಿಲ್ಲ, ಹೆದರ್ಬೇಡ."

ಹೆಸರು ಹೇಳುವುದಿಲ್ಲವಲ್ಲ ಎಂದು ವೈಷ್ಣವಿ ಸುಮ್ಮನಾದಳು. ಅವನು ನಿಜವಾಗಿಯೂ ಹೆಸರು ಹೇಳಲಿಲ್ಲ. "ನನ್ನ ಗೋಡೆಯ ಆಚೆಗೇ ವಿಷ ಬೇಯುತ್ತಿದೆ," ಎಂದಷ್ಟೇ ಹೇಳಿದ. ಕಾರ್ಯಕ್ರಮ ಮುಗಿಯುವ ಮೊದಲೇ ಜನ ಮಿಹಿರನ ಅಂಗಡಿಗೆ ನುಗ್ಗಿದರು. ಗಾಜು ಒಡೆದರು, ಒಲೆಯ ಮೇಲಿದ್ದ ಪಾಕದ ಬಾಣಲೆ ಉರುಳಿಸಿದರು. ಮಿಹಿರನ ಬಲಗೈ ಮೊಣಕೈವರೆಗೆ ಸುಟ್ಟಿತು. ಸರ್ಕಾರದವರು ಬಂದು ಅಂಗಡಿಗೆ ಬೀಗ ಹಾಕಿದರು. ಪರೀಕ್ಷೆಗೆಂದು ಅಲ್ಲಿ ಒಂದು ತುಣುಕೂ ಉಳಿದಿರಲಿಲ್ಲ.

ವೈಷ್ಣವಿ ಆಸ್ಪತ್ರೆಗೆ ಹೋದಾಗ ಮುರಾರಿಯ ಹೆಂಡತಿ ವಸಂತಿ ಅಲ್ಲಿ ಆಗಲೇ ಇದ್ದಳು. ಮಿಹಿರನಿಗೆ ಗಂಜಿ ತಂದಿದ್ದಳು. ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು.

"ನೀನು ಅವ್ರನ್ನ ಟೀವಿಗೆ ಕರ್ಕೊಂಡು ಹೋದದ್ದು," ಎಂದಳು ವಸಂತಿ. ಸ್ವರದಲ್ಲಿ ಸಿಟ್ಟಿರಲಿಲ್ಲ. "ನನ್ನನ್ನೂ ಒಂದು ಸಲ ಕರಿ."

ದುರ್ಗಾಪೂಜೆಯ ವಿಶೇಷ ಕಾರ್ಯಕ್ರಮಕ್ಕೆ ವೈಷ್ಣವಿ ಅವಳನ್ನು ಕರೆಸಿದಳು. ನೇರ ಪ್ರಸಾರ. ಪಂಡಾಲಿನ ಮುಂದೆ ಸಾವಿರಾರು ಜನ. ಕೆಂಪಂಚಿನ ಬಿಳಿ ಸೀರೆಯುಟ್ಟು ಬಂದು ವೇದಿಕೆಯಲ್ಲಿ ಗಂಡನ ಪಕ್ಕ ಕೂತ ವಸಂತಿಯನ್ನು ನಿರೂಪಕಿ, ಮುರಾರಿದಾ ಮನೆಯಲ್ಲಿ ಏನು ಇಷ್ಟಪಟ್ಟು ತಿನ್ನುತ್ತಾರೆ ಎಂದು ಕೇಳಿದಳು. ವಸಂತಿ ಬಂಗಾಳಿಯಲ್ಲಿ ನಿಧಾನವಾಗಿ ಹೇಳಿದಳು: "ಮಿಹಿರನ ಅಂಗಡಿಯ ಸಂದೇಶ್. ನಮ್ಮ ಮಗಳೂ ಅದನ್ನೇ ತಿಂದು ಬೆಳೆದಳು. ಅದರಲ್ಲಿ ವಿಷ ಇರಲಿಲ್ಲ. ಇವರಿಗೆ ಆ ಜಾಗ ಬೇಕಿತ್ತು, ಅದಕ್ಕೆ ಸುಳ್ಳು ಹೇಳಿದರು."

ಪ್ರಸಾರದ ವ್ಯಾನಿನಲ್ಲಿ ಕೂತಿದ್ದ ವೈಷ್ಣವಿ ಪರದೆಯಲ್ಲಿ ಮುರಾರಿಯ ಮುಖ ನೋಡುತ್ತಿದ್ದಳು. ಒಂದು ಕ್ಷಣ ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಅವನು ನಕ್ಕು, ಎದ್ದು ನಿಂತು, ಹೆಂಡತಿಗೆ ಎರಡೂ ಕೈ ಮುಗಿದ.

"ಈ ಸಲ ಪೂಜೆಗೆ ಹೊಸ ಸೀರೆ ಕೊಡಿಸಲು ಮರೆತೆ. ಊರಿಗೆಲ್ಲ ನ್ಯಾಯ ಹೇಳುವವನಿಗೆ ಮನೆಯಲ್ಲಿ ಇದೇ ಶಿಕ್ಷೆ ನೋಡಿ," ಎಂದ.

ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ವಸಂತಿ ಮತ್ತೇನೋ ಹೇಳಿದಳು. ಡೋಲು ಬಾರಿಸುವ ಢಾಕಿಗಳ ಬಡಿತ ಶುರುವಾಗಿತ್ತು, ಯಾರಿಗೂ ಕೇಳಿಸಲಿಲ್ಲ. ಅವಳು ಮೈಕನ್ನು ಕುರ್ಚಿಯ ಮೇಲಿಟ್ಟು ಇಳಿದು ಹೋದಳು.

ಸಂಪಾದಕರು ವ್ಯಾನಿಗೆ ಫೋನ್ ಮಾಡಿ, ಆ ನಗುವಿನ ಭಾಗವನ್ನು ಬೇರೆ ಮಾಡಿ ಬೇಗ ಇಂಟರ್ನೆಟ್ಟಿಗೆ ಹಾಕು ಎಂದರು. ವೈಷ್ಣವಿ ಆಗುವುದಿಲ್ಲ ಎಂದಳು. ಬೇರೆ ಯಾರೋ ಹಾಕಿದರು. ನೀರಿನ ದೃಶ್ಯಕ್ಕಿಂತಲೂ ಅದನ್ನು ಹೆಚ್ಚು ಜನ ನೋಡಿದರು. ವಸಂತಿಯ ಮಾತನ್ನು ಮುಚ್ಚಿರಲಿಲ್ಲ, ಪೂರ್ತಿ ಇತ್ತು. ಆದರೂ ಅದು ಗಂಡ ಹೆಂಡಿರ ಜಗಳವಾಗಿಯೇ ಉಳಿಯಿತು.

ವೈಷ್ಣವಿ ಕೆಲಸ ಬಿಟ್ಟಳು. ಮಿಹಿರ್ ಹೂಡಿದ ದಾವೆಯಲ್ಲಿ ಅಲಿಪುರದ ಕೋರ್ಟಿಗೆ ಹೋಗಿ, ಯಾವ ಪರೀಕ್ಷೆಯೂ ನಡೆದಿರಲಿಲ್ಲ, ಅದು ಗೊತ್ತಿದ್ದೂ ತಾನು ಪ್ರಸಾರ ಮಾಡಿದೆ ಎಂದು ಸಾಕ್ಷಿ ಹೇಳಿದಳು. ಕೋರ್ಟು ವಾಹಿನಿಯಿಂದ ಕ್ಷಮೆ ಕೇಳಿಸಿತು. ಕ್ಷಮಾಪಣೆ ಪರದೆಯ ತಳದಲ್ಲಿ ಕ್ರಿಕೆಟ್ ಸ್ಕೋರಿನ ಹಿಂದೆ ಸರಿದು ಹೋಯಿತು. ವಸಂತಿ ಮನೆ ಬಿಟ್ಟು ಮಗಳ ಬಾಡಿಗೆ ಮನೆಗೆ ಹೋದಳು. ಮುರಾರಿಗೆ ಚುನಾವಣೆಯ ಟಿಕೆಟ್ ಸಿಕ್ಕಿತು.

ಮರುವರ್ಷದ ಚಳಿಗಾಲದಲ್ಲಿ ಮಿಹಿರ್ ಬೀಗ ತೆಗೆಸಿ ಅಂಗಡಿಯನ್ನು ಮತ್ತೆ ತೆರೆದ. ಬಲಗೈಯ ಬೆರಳುಗಳು ಪೂರ್ತಿ ಮಡಚಿಕೊಳ್ಳುತ್ತಿರಲಿಲ್ಲ. ಅಚ್ಚಿನಲ್ಲಿ ಸಂದೇಶ್ ಒತ್ತುವ ಕೆಲಸವನ್ನು ಎಡಗೈಗೆ ಕಲಿಸಿದ್ದ. ಪ್ರಚಾರದ ನಡುವೆ ಒಂದು ಬೆಳಿಗ್ಗೆ ಮುರಾರಿ ಹೂಹಾರದೊಂದಿಗೆ ಅಲ್ಲಿಗೆ ಬಂದ. ಹಿಂದೆ ಮೂರು ಕ್ಯಾಮೆರಾ, ಘೋಷಣೆ ಕೂಗುವ ಜನ. ಹಳೆಯದನ್ನು ಮರೆತು ಮಿಹಿರನ ಕೈಯಿಂದ ಸಂದೇಶ್ ತಿನ್ನುವ ದೃಶ್ಯ ಬೇಕಾಗಿತ್ತು.

ಮಿಹಿರ್ ತಟ್ಟೆಯಲ್ಲಿ ಒಂದು ಸಂದೇಶ್ ಇಟ್ಟ. ತಟ್ಟೆಯನ್ನು ಮುಂದೆ ಸರಿಸಲಿಲ್ಲ.

"ಕ್ಯಾಮೆರಾ ಆರಿಸಿ ಒಳಗೆ ಬನ್ನಿ ದಾದಾ. ಕೊಡುತ್ತೇನೆ. ಚಹಾನೂ ಮಾಡುತ್ತೇನೆ."

ಮುರಾರಿ ನಗುತ್ತಲೇ ಹಿಂದಕ್ಕೆ ತಿರುಗಿದ. ಕ್ಯಾಮೆರಾದವರು ಅವನ ಅಪ್ಪಣೆಗೆ ಕಾದರು. ಆರಿಸಿ ಎಂದು ಹೇಳಲು ಬಾಯಿ ತೆರೆದವನ ಹಾಗೆ ಕಂಡಿತು ಎಂದು ಮಿಹಿರ್ ಆಮೇಲೆ ವಸಂತಿಗೆ ಹೇಳಿದ. ಆದರೆ ಅಷ್ಟರಲ್ಲಿ ಜನ ಅವನ ಹೆಸರು ಕೂಗಿದರು. ಅವನು ಕೈ ಮೇಲೆತ್ತಿ ಬೀಸುತ್ತ, ಎದುರಿನ ಔಷಧಿ ಅಂಗಡಿಯತ್ತ ನಡೆದ.

ಚುನಾವಣೆಯಲ್ಲಿ ಅವನು ಗೆದ್ದ.